ಬಾಣಂತನಕ್ಕಾದ್ರೆ ಹೋಪಲಕ್ಕು, ನೂಲು ತಪ್ಪಲೆ ಹೋಪಲಾಗ್ದಾ?

ಮೊನ್ನೆ ಅಪ್ಪನಮನೆ ಬದಿಯ ಒಂದು ಸತ್ಯನಾರಾಯಣ ಕಥೆಗೆ ಕುಮ್ಟೆಗೆ ಹೋಗಿದ್ದೆ. ಊಟ ಆಗಿ ಹೆಂಗಸ್ರೆಲ್ಲ ಒಳಗೆ ಕವಳ ಹಾಕ್ತಾ ಕೂತಿದ್ಯ. ಒಂದು ಅತ್ತೆ ಕೇಳ್ಚು, "ಮುಂದಿನ ವರ್ಷ ಮತ್ತೆ ಇಂಗ್ಲೆಂಡಿಗೆ ಹೋಗ್ತ್ಯಡ? ಮಗಳಿಗೆ ಮತ್ತೆ ವಿಶೇಷವಾ?"

"ಇಲ್ಲೆ ಅತ್ತೆ, ಈ ಸಲ ತಿರುಗಲೆ ಹೋಪದು. ಗುಡ್ಡ, ಕೆರೆ, ಹಳ್ಳಿ ನೋಡ್ತೆ. ಬಪ್ಪಕಾದ್ರೆ ಕ್ರೋಶಾಕ್ಕೆ ನೂಲು, ಉಣ್ಣೆ ತಗಂಡು ಬತ್ತೆ" ಹೇಳ್ದೆ.

ಒಂದು ಗಳಿಗೆ ಯಾರೂ ಮಾತಾಡಿದ್ದಿಲ್ಲೆ. ಆಮೇಲೆ ಒಂದು ಅತ್ತಿಗೆ, "ನೂಲು ತಪ್ಪಲೆ ಇಂಗ್ಲೆಂಡಿಗಾ ಮಾರಾಯ್ತಿ? ಕುಮ್ಟೆ ಪೇಟೆಲಿ ಸಿಕ್ತಿಲ್ಯಾ?" ಹೇಳ್ಚು. ಎಲ್ಲರೂ ನೆಗ್ಯಾಡಿದ. ಆನೂ ನೆಗ್ಯಾಡ್ದೆ. ಹೊನ್ನಾವರಕ್ಕೆ ಬಪ್ಪ ಬಸ್ಸಲ್ಲಿ ಕೂತ ಮೇಲೆ ಸಿಟ್ಟು ಬಂತು. ಅವತ್ತು ನೆಗ್ಯಾಡಿದವೂ ಇದನ್ನ ಓದ್ತ ಹೇಳಿ ಗೊತ್ತಿದ್ದು. ಓದ್ಲಿ, ಅವಕ್ಕೇ ಬರೆದಿದ್ದು.

ಮೊದ್ಲು ಹಳೇ ಸಂಗ್ತಿ ಹೇಳ್ತೆ. 2016ರ ಡಿಸೆಂಬರಿಗೆ ನಂಗೆ ಪಾಸ್‌ಪೋರ್ಟ್ ಬಂತು. 2017ರ ಜನವರಿಗೆ ಲೀಡ್ಸಿಗೆ ಮಗಳ ಬಾಣಂತನಕ್ಕೆ ಹೋದೆ. ಐದೂವರೆ ತಿಂಗಳು ಇದ್ದೆ. ಹೋಪಕಾದ್ರೆ ಎರಡು ಪೆಟ್ಟಿಗೆ ತುಂಬ ಶುಂಠಿ, ಕಾಳುಮೆಣಸು, ಬೆಳ್ಳುಳ್ಳಿ ಲೇಹ್ಯ, ತೆಂಗಿನೆಣ್ಣೆ, ಹಳೇ ಹತ್ತಿ ಸೀರೆ, ಹಲಸಿನ ಹಪ್ಪಳ. ಆಗ ಯಾರಾದ್ರೂ ಟಿಕೆಟಿಗೆ ಎಷ್ಟಾತು ಹೇಳಿ ಕೇಳಿದ್ವಾ? ಮನೆ ಯಾರು ನೋಡ್ಕತ್ತ, ಅತ್ತೆಗೆ ಮಾತ್ರೆ ಯಾರು ಕೊಡ್ತ, ಆಳುಗಳಿಗೆ ಅಡುಗೆ ಯಾರು ಮಾಡ್ತ ಹೇಳಿ ಕೇಳಿದ್ವಾ? ಒಬ್ರೂ ಕೇಳಿದ್ದಿಲ್ಲೆ. "ಪುಣ್ಯದ ಕೆಲ್ಸ, ಹೋಗಿ ಬಾ" ಹೇಳಿ ಬಾಯ್ತುಂಬ ಹೇಳಿದ.

ಬಾಣಂತನ ಮಾಡಿದ್ದಕ್ಕೆ ನಂಗೆ ಬೇಜಾರಿಲ್ಲೆ. ಮಗು ಮೀಸಿ, ಕಾಲ ಮೇಲೆ ಮಲಗ್ಸಿ ಎಣ್ಣೆ ಹಚ್ಚಿದ ಸುಖ ಬೇರೆ ಯಾವುದ್ರಲ್ಲೂ ಇಲ್ಲೆ. ಆದ್ರೆ ಇಂಗ್ಲೆಂಡಲ್ಲಿ ಎಂತ ನೋಡಿದೆ ಹೇಳಿ ಕೇಳಿದ್ರೆ ನಾಕು ಉರಿಯ ಒಲೆ, ಬಟ್ಟೆ ತೊಳೆಯ ಮಷೀನು, ಕಿಟಕಿಯಿಂದ ಬಿದ್ದ ಹಿಮ, ಮತ್ತೆ ಮನೆ ಎದುರಿನ ಪಾರ್ಕಲ್ಲಿ ತಳ್ಳುಗಾಡಿ ದೂಡ್ಕ್ಯಂಡು ಒಂದು ಸುತ್ತು. ಅಷ್ಟೇಯ.

ಒಂದು ಆದಿತ್ಯವಾರ ಅಳಿಯ ಕಾರಲ್ಲಿ ಸ್ಕಿಪ್ಟನ್ ಹೇಳ ಊರಿಗೆ ಕರ್ಕಂಡು ಹೋದ. ಅಲ್ಲೊಂದು ಉಣ್ಣೆ ಅಂಗಡಿ. ನೆಲದಿಂದ ಮಾಡಿನವರೆಗೂ ಬಣ್ಣ. ಒಂದು ಬೂದು ಬಣ್ಣದ ಉಂಡೆ ಕೈಗೆ ತಗಂಡು ಮೂಗಿಗೆ ಹಿಡಿದ್ರೆ ನಮ್ಮ ಅಪ್ಪಯ್ಯನ ಮಳೆಗಾಲದ ಕಂಬಳಿಕೊಪ್ಪೆ ವಾಸನೆಯೇ ಬಂತು. ಅಷ್ಟೊತ್ತಿಗೆ ಮಗು ಅತ್ತತು. ಉಂಡೆ ಅಲ್ಲೇ ಇಟ್ಟು ಬಂದೆ. ಹತ್ತು ನಿಮಿಷ ಆಗಿತ್ತು ಕಾಣ್ತು. ಪಾಸ್‌ಪೋರ್ಟಿಗೆ ಹತ್ತು ವರ್ಷದ ಆಯುಷ್ಯ. ಮುಂದಿನ ಡಿಸೆಂಬರಿಗೆ ಮುಗೀತು. ಇಲ್ಲಿವರೆಗೆ ಅದ್ರಲ್ಲಿ ಇಪ್ಪದು ಒಂದೇ ದೇಶದ ವಿಸಾ, ಅದೂ ಬಾಣಂತನದ್ದು.

ಈಗ ನಿಂಗ ಹೇಳಿದ ಒಂದೊಂದೇ ಮಾತಿಗೆ ಬತ್ತೆ.

"ಹಸಿರು ನೋಡಲೆ ಅಲ್ಲಿಗೆ ಹೋಗವಾ? ಯಾಣ ಇಲ್ಯಾ, ಅಪ್ಸರಕೊಂಡ ಇಲ್ಯಾ?"

ಇದ್ದು. ಆನು ಇಪ್ಪದೇ ಶರಾವತಿ ದಂಡೆಲಿ. ಕೊಂಕಣ ರೈಲಿನ ಶರಾವತಿ ಸೇತುವೆ 2,065 ಮೀಟರ್ ಉದ್ದ. ಆನು ನೋಡವು ಹೇಳಿ ಹೊಂಟ ರಿಬಲ್‌ಹೆಡ್ ರೈಲು ಸೇತುವೆ ಬರೀ 400 ಮೀಟರ್, 24 ಕಮಾನು. ನಮ್ಮದು ಐದು ಪಟ್ಟು ದೊಡ್ಡದು. ಅವರ ಗುಡ್ಡದಲ್ಲಿ ನಮ್ಮ ಘಟ್ಟದಷ್ಟು ಮರವೂ ಇಲ್ಲೆ. ಅದೆಲ್ಲ ಒಪ್ಪಿದೆ.

ಆದ್ರೆ ಒಂದು ಪ್ರಶ್ನೆ. ನಮ್ಮ ಈ ಹಸಿರಲ್ಲಿ ನಿಂಗ ಸುಮ್ಮನೆ, ಎಂತ ಕೆಲ್ಸವೂ ಇಲ್ದೆ, ಕಡೆಗೆ ತಿರುಗಿದ್ದು ಯಾವಾಗ? ಸೊಪ್ಪಿಗೆ ಹೋಯ್ದ್ರಿ, ದರಕಿಗೆ ಹೋಯ್ದ್ರಿ, ಮುರುಗಲು ಹಣ್ಣು ಹೆಕ್ಕಲೆ ಹೋಯ್ದ್ರಿ. ತಲೆ ಮೇಲೆ ಎಂತಾದ್ರೂ ಇದ್ರೆ ಯಾರೂ ಕೇಳ್ತ್ವಿಲ್ಲೆ. ಕೈ ಬೀಸ್ಕ್ಯಂಡು ಹೋದ್ರೆ ನಾಕು ಜನ, "ಎತ್ಲಾಗೆ ಹೊಂಟ್ಯೆ?" ಕಳೆದ ಚಳಿಗಾಲದಲ್ಲಿ ನಾವು ಮೂರು ಜನ ಹೆಂಗಸ್ರು ಅಪ್ಸರಕೊಂಡಕ್ಕೆ ಹೋಗಿ ಸೂರ್ಯ ಮುಳುಗದು ನೋಡ್ಕ್ಯಂಡು ಬಂದ್ಯ. ಬಪ್ಪ ದಾರಿಲಿ ಪರಿಚಯದವು ಒಬ್ರು, "ಸಂತಿಗೆ ಗಂಡಸ್ರು ಯಾರೂ ಇಲ್ಯಾ?" ಹೇಳಿ ಕೇಳಿದ. ಮೂರೂ ಜನಕ್ಕೆ ಐವತ್ತು ದಾಟಿದ್ದು!

ಇಂಗ್ಲೆಂಡಲ್ಲಿ ರೈತರ ಗದ್ದೆ, ಹುಲ್ಲುಗಾವಲಿನ ನಡುವೆ ಕಾಲುದಾರಿ ಇದ್ದು. ಅದ್ರಲ್ಲಿ ನಡೆಯದು ಯಾರ ಉಪಕಾರವೂ ಅಲ್ಲ, ಜನರ ಹಕ್ಕು. ಪಾರ್ಕಿನ ಹತ್ರ ಒಂದು ಅಜ್ಜಿ ನಂಗೆ ಪರಿಚಯ ಆಗಿತ್ತು. ಎಪ್ಪತ್ತು ದಾಟಿದ್ದು, ಕೋಲು ಹಿಡ್ಕಂಡು ಒಂದೇ ಗುಡ್ಡ ಹತ್ತಿ ಬತ್ತಿತ್ತು. ಆ ಹಕ್ಕೂ ಸುಮ್ಮನೆ ಬೈಂದಿಲ್ಲೆ. 1932ರಲ್ಲಿ ಮ್ಯಾಂಚೆಸ್ಟರ್ ಬದಿಯ ಕೆಲಸಗಾರ ಹುಡುಗ್ರು, ಜಮೀನ್ದಾರರು ಬೇಲಿ ಹಾಕಿದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಬೇಕೂ ಹೇಳಿ ನುಗ್ಗಿದ. ಐದು ಜನ ಜೈಲಿಗೆ ಹೋದ. 1949ರಲ್ಲಿ ಕಾಲುದಾರಿಗೂ ರಾಷ್ಟ್ರೀಯ ಉದ್ಯಾನಕ್ಕೂ ಕಾನೂನು ಬಂತು. ಕೆರೆಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್ 1951ರಲ್ಲಿ ರಾಷ್ಟ್ರೀಯ ಉದ್ಯಾನ ಆತು. ಹಂಗಾಗಿ ಆನು ಅಲ್ಲಿಗೆ ಹೋಪದು ಬರೀ ಹಸಿರು ನೋಡಲೆ ಅಲ್ಲ. ಹಸಿರಲ್ಲಿ ಹೊರೆ ಇಲ್ದೆ, ಉತ್ತರ ಕೊಡದೆ ನಡೆದ್ರೆ ಹ್ಯಾಂಗಿರ್ತು ಹೇಳಿ ಒಂದ್ಸಲ ನೋಡವು.

"ನೂಲು ಇಲ್ಲೇ ಸಿಕ್ತಿಲ್ಯಾ?"

ಸಿಕ್ತು. ಕುಮ್ಟೆ ಪೇಟೆಲಿ ಆ್ಯಂಕರ್ ದಾರದ ಲಡಿ ನಂಬರ್ ಹೇಳಿದ್ರೆ ತೆಗೆದು ಕೊಡ್ತ. ಆದ್ರೆ ಆ ಆ್ಯಂಕರ್ ಎಲ್ಲಿದು ಹೇಳಿ ಗೊತ್ತಿದ್ದಾ? ಸ್ಕಾಟ್ಲೆಂಡಿನ ಪೇಸ್ಲಿ ಊರಲ್ಲಿ ಕೋಟ್ಸ್ ಮತ್ತು ಕ್ಲಾರ್ಕ್ ಹೇಳ ಮನೆತನದವರ ಗಿರಣಿಯಿಂದ ಬೆಳೆದ ಹೆಸರು ಅದು. ಇನ್ನೂ ಹಿಂದೆ ಹೋಪನ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೀತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಬಪ್ಪ ಹತ್ತಿ ನಿಂತೋತು. ಆವಾಗ ಧಾರವಾಡ ಸೀಮೆ ಹತ್ತಿ ಎತ್ತಿನ ಗಾಡಿ ಮೇಲೆ ಘಟ್ಟ ಇಳಿದು ಕುಮ್ಟೆ ಬಂದರಿಗೆ ಬಂತು. ಇಲ್ಲಿಂದ ಮುಂಬಯಿ, ಅಲ್ಲಿಂದ ಲಿವರ್‌ಪೂಲ್. ಬೆಳೆದದ್ದು ಬಯಲುಸೀಮೆಲಾದ್ರೂ ಆ ಹತ್ತಿಗೆ ಪೇಟೆಲಿ ಹೆಸರು ಬಿದ್ದಿದ್ದು "ಕುಮ್ಟಾ ಹತ್ತಿ" ಹೇಳಿಯೇ. ಆಮೇಲೆ ಹುಬ್ಬಳ್ಳಿಗೆ ರೈಲು ಬಂತು, ನಮ್ಮ ಬಂದರಿನ ಗೌಜಿ ಇಳೀತು.

ಅಂದ್ರೆ ನಮ್ಮೂರ ಹೆಸರು ಹೊತ್ತ ಹತ್ತಿ ಆ ದೇಶಕ್ಕೆ ಹೋಗಿತ್ತು. ಆ ದೇಶದ ಹೆಸರು ಹೊತ್ತ ದಾರ ನಮ್ಮ ಪೇಟೆಗೆ ಬಂತು. ಹೋಪಲೆ ಬಪ್ಪಲೆ ತಡೆ ಇದ್ದಿದ್ದು ಆ ದಾರ ಕೈಲಿ ಹಿಡಿದು ಕೂತ ಹೆಂಗಸಿಗೆ ಮಾತ್ರವಾ? ಮ್ಯಾಂಚೆಸ್ಟರ್ ಹತ್ರ ಕ್ವಾರಿ ಬ್ಯಾಂಕ್ ಹೇಳಿ 1784ರ ಒಂದು ಹತ್ತಿ ಗಿರಣಿ ಇದ್ದು. ನೀರಿನ ಚಕ್ರದಿಂದ ನಡೀತಿತ್ತು. ಅನಾಥ ಮಕ್ಕಳನ್ನ ತಂದು ಕೆಲ್ಸಕ್ಕೆ ಹಚ್ಚಿದ ಮನೆಯನ್ನೂ ಹಾಂಗೇ ಇಟ್ಟಿದ್ದ. ನೂಲಿನ ಹಿಂದೆ ಯಾರ ಕೈ ಇತ್ತು ಹೇಳದು ಅಲ್ಲಿ ಕಾಣ್ತು. ಕ್ರೋಶಾ ಹಾಕವು ಇದನ್ನ ನೋಡದು ಹುಚ್ಚಾಟ ಹೆಂಗಾಗ್ತು ಹೇಳಿ ಹೇಳಿ.

"ಹೋಪದಾದ್ರೆ ಪ್ಯಾಕೇಜಲ್ಲಿ ಹೋಗು, ಹತ್ತು ದಿನಕ್ಕೆ ಏಳು ದೇಶ."

ಹಾಂಗೆ ಹೋಗಿ ಬಂದವು ನಮ್ಮ ನೆಂಟರಲ್ಲೇ ಇದ್ದ. ಫೋಟೋ ನೂರಾರು. ಯಾವ ಊರಲ್ಲಿ ಎಂತ ನೋಡಿದ್ದು ಹೇಳಿ ಕೇಳಿದ್ರೆ ಗಂಡನ ಮೋರೆ ನೋಡ್ತ. ಅರ್ಧ ದಿನ ಬಸ್ಸಲ್ಲಿ. ಉಳಿದ ಅರ್ಧದಲ್ಲಿ ಗೈಡು ತೋರಿಸಿದ ಗಡಿಯಾರದ ಅಂಗಡಿ, ಚಾಕೊಲೇಟ್ ಅಂಗಡಿ. ಅದೂ ಶಾಪಿಂಗೇ ಅಲ್ದಾ? ಗೈಡು ಹೇಳಿದಲ್ಲಿ ಕೊಂಡ್ರೆ ಪ್ರವಾಸ, ನಮಗೆ ಬೇಕಾದಲ್ಲಿ ಕೊಂಡ್ರೆ ದಂಡ! ಅಲ್ಲಿ ಯಾರೂ ಪರಿಚಯ ಇಲ್ದೆ ಇಪ್ಪವಕ್ಕೆ, ಭಾಷೆ ಹೆದರಿಕೆ ಇಪ್ಪವಕ್ಕೆ ಪ್ಯಾಕೇಜ್ ಚೊಲೋದೇ. ಅದೊಂದೇ ಮರ್ಯಾದೆಯ ದಾರಿ ಹೇಳದನ್ನ ಆನು ಒಪ್ಪಿದ್ನಿಲ್ಲೆ.

"ಎಷ್ಟು ದುಡ್ಡು! ಯಾರು ಕೊಡ್ತ?"

ಯಾರೂ ಕೊಡ್ತ್ವಿಲ್ಲೆ. 2020ರ ಜೂನಲ್ಲಿ ಪೋಸ್ಟಾಫೀಸಲ್ಲಿ ಒಂದು ಆರ್‌ಡಿ ಮಾಡ್ದೆ. ತಿಂಗಳಿಗೆ 2,000. ಹಪ್ಪಳ ಮಾರಿದ್ದು, ಮುರುಗಲು ಸಿಪ್ಪೆ ಮಾರಿದ್ದು, ಕ್ರೋಶಾ ತೋರಣ ಮಾಡಿ ಕೊಟ್ಟಿದ್ದು. ಕೆಲವು ತಿಂಗಳು ಕಷ್ಟ ಆಗಿ ಬಾಗಿಲ ಸಂದಿಲಿ ಇಟ್ಟ ಚಿಲ್ಲರೆ ಎಣಿಸಿ ಕಟ್ಟಿದ್ದೂ ಇದ್ದು. ಆಗ 5.8 ಬಡ್ಡಿ. ಐದು ವರ್ಷಕ್ಕೆ ಕಟ್ಟಿದ್ದು 1,20,000, ಕೈಗೆ ಬಂದಿದ್ದು 1,39,000 ಚಿಲ್ಲರೆ. ಇಂಗ್ಲೆಂಡಿನ ಆರು ತಿಂಗಳ ವಿಸಾಕ್ಕೆ 2025ರ ಏಪ್ರಿಲಲ್ಲಿ 127 ಪೌಂಡು ಆಗಿತ್ತು, ಹೆಚ್ಚುಕಡಿಮೆ 15,000 ರೂಪಾಯಿ. ವಿಮಾನಕ್ಕೆ 70,000 ಹಿಡಿದಿದ್ದೆ. ಉಳಿದದ್ರಲ್ಲಿ ನಾಕು ರಾತ್ರಿ ಉಳಿಯದು, ರೈಲು, ಬಸ್ಸು. ಅಲ್ಲಿ ಈಗ ಬಸ್ಸಿಗೆ ಎಷ್ಟೇ ದೂರ ಹೋದ್ರೂ ಒಂದು ಸಲಕ್ಕೆ 3 ಪೌಂಡಿನ ಮಿತಿ ಇದ್ದು, ಅದು ನಂಗೆ ಅನುಕೂಲವೇ. ನೂಲಿಗೆ ಹೇಳಿ ಬೇರೆ ಕವರಲ್ಲಿ 10,000. ಒಂದು ರೂಪಾಯಿ ಹೆಚ್ಚಿಲ್ಲೆ.

ಗಂಡಸ್ರು ಯಕ್ಷಗಾನಕ್ಕೆ ಹೇಳಿ ರಾತ್ರಿ ಕಾರು ತಗಂಡು ಕುಂದಾಪುರದವರೆಗೆ ಹೋಗಿ ಬೆಳಗಿನ ಜಾವ ಬತ್ತ. ಅದಕ್ಕೆ "ಅಭಿರುಚಿ" ಹೇಳ್ತ್ಯ. ಮಾಣಿ ಮೂವತ್ತು ಸಾವಿರದ ಫೋನು ಬಿಟ್ಟು ಐವತ್ತು ಸಾವಿರದ್ದು ತಗತ್ತ. ಅದಕ್ಕೆ "ಕಾಲ" ಹೇಳ್ತ್ಯ. ಹೆಂಗಸು ಹತ್ತು ಸಾವಿರದ ನೂಲು ತಗಂಡ್ರೆ "ಎಂತಕ್ಕೆ ಬೇಕಿತ್ತೆ?" ಭಟ್ಕಳದಲ್ಲಿ ತಂಗಿ ಮನೆ ಹತ್ರ ಒಂದು ನವಾಯತ ಮನೆ ಇದ್ದು. ಆ ಮನೆ ಅಕ್ಕಂಗೆ ದುಬೈ ಹೇಳಿದ್ರೆ ನಮಗೆ ಹುಬ್ಬಳ್ಳಿ ಇದ್ದಾಂಗೆ. ಬಪ್ಪಕಾದ್ರೆ ಕಸೂತಿಗೆ ಮಣಿ, ಜರಿ ದಾರ ಬೇಕಾದ್ದು ತತ್ತು. ಅದರ ಹತ್ರ ಈ ನೆಗ್ಯಾಟದ ಸಂಗ್ತಿ ಹೇಳಿದ್ರೆ ಅದು ಕೇಳಿದ್ದು ಒಂದೇ ಮಾತು: "ನಿಮ್ಮ ದುಡ್ಡು ಅಲ್ವಾ?"

"ಮನೆ ಯಾರು ನೋಡ್ಕತ್ತ?"

ಇದು ಸರಿಯಾದ ಪ್ರಶ್ನೆ. ಇದಕ್ಕೆ ಸಿಟ್ಟು ಮಾಡ್ತ್ನಿಲ್ಲೆ. ಅತ್ತೆಗೆ 84. ಅಡಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯಕಾದ್ರೆ ಆಳುಗಳಿಗೆ ಊಟ, ಆಸರಿಗೆ ಆಗವು. ಅದಕ್ಕೇ ತಾರೀಕು ಹುಡುಕಿದ್ದು. ಮೊದಲ್ನೇ ಔಷಧಿ ಮಳೆ ಹಿಡಿಯ ಹೊತ್ತಿಗೆ ಮುಗೀತು, ಎರಡನೇದು ನಲವತ್ತು ದಿನ ಬಿಟ್ಟು. ಜೂನ್ 15ರಿಂದ 30 ಎರಡರ ನಡುವೆ ಬತ್ತು. ಅಷ್ಟೊತ್ತಿಗೆ ಹಪ್ಪಳ, ಉಪ್ಪಿನಕಾಯಿ, ಕಟ್ಟಿಗೆ ಎಲ್ಲ ಒಳಗೆ ಸೇರಿರ್ತು. ನಾದಿನಿ ಬಂದು ಉಳಿತೆ ಹೇಳಿದ್ದು. 16 ದಿನ. ಐದೂವರೆ ತಿಂಗಳು ಆನಿಲ್ದೆ ನಡೆದ ಮನೆ 16 ದಿನಕ್ಕೆ ನಿಂತೋಗ್ತಾ?

ನಮ್ಮನೆಯವು ಬೇಡ ಹೇಳಿದ್ವಿಲ್ಲೆ. "ಜನ ಎಂತ ಹೇಳ್ತ" ಹೇಳಿದ, ಅಷ್ಟೇ. ಆ ಜನ ಯಾರು? ಅವತ್ತು ಕವಳದ ಬಟ್ಟಲ ಸುತ್ತ ಕೂತ ನಾವೇ! ಇದೇ ನಂಗೆ ಬೇಜಾರು. ಗಂಡಸ್ರು ತಡೆದಿದ್ದರೆ ಜಗಳ ಮಾಡ್ಲಾಗಿತ್ತು. ನೆಗ್ಯಾಡಿದವು ನನ್ನಂಥವೇ. ಕೈಲಿ ಕೆಲ್ಸ ಇದ್ದವು, ಟೇಬಲ್ ಮೇಲೆ ಕ್ರೋಶಾ ಹಾಸಿದವು, ಪೆಟ್ಟಿಗೆಲಿ ಪಾಸ್‌ಪೋರ್ಟ್ ಇಟ್ಟವು.

ಅತ್ತೆ ಮಾತ್ರ ನೆಗ್ಯಾಡಿದ್ದಿಲ್ಲೆ. ನಂಗೆ ಕ್ರೋಶಾ ಕಲಿಸಿದ್ದು ಅದೇಯ. ಎಲ್ಲ ಕೇಳಿ ಕಡೆಗೆ, "ಬಪ್ಪಕಾದ್ರೆ ನಂಗೂ ಒಂದು ಉಂಡೆ ತಗಂಡು ಬಾ. ಬಿಳಿ ಬ್ಯಾಡ. ಆಯುಷ್ಯ ಇಡೀ ಬಿಳಿ ನೂಲಲ್ಲೇ ಹಾಕಿದ್ದು, ಆಗ ಅದೊಂದೇ ಸಿಕ್ತಿತ್ತು" ಹೇಳ್ಚು. ಈಗ ಕಣ್ಣು ಅಷ್ಟು ಕಾಣ್ತಿಲ್ಲೆ. ಯಾವ ಬಣ್ಣ ಬೇಕು ಹೇಳಿ ಕೇಳ್ದೆ. "ಪಾರಿಜಾತದ ತೊಟ್ಟಿಂದು" ಹೇಳ್ಚು.

ಇನ್ನು ಪೆಟ್ಟಿಗೆ ವಿಚಾರ. ಹೊಂಟಿದ್ದು ಗೊತ್ತಾಗಿ ಹದಿನೈದು ದಿನ ಆಜಿಲ್ಲೆ, ಆಗ್ಲೇ ಪಟ್ಟಿ ಬೈಂದು. ಒಬ್ಬರಿಗೆ ಸೆಂಟು, ಒಬ್ಬರಿಗೆ ಬೂಟು, ನಾಕು ಮನೆಗೆ ಚಾಕೊಲೇಟು. 2017ರಲ್ಲಿ ಒಂಬತ್ತು ಕಿಲೋ ಚಾಕೊಲೇಟ್ ಹೊತ್ಕಂಡು ಬಂದಿದ್ದೆ. ನನ್ನದು ಹೇಳಿ ಒಂದು ಸೂಜಿಯೂ ಇತ್ತಿಲ್ಲೆ. ನೋಡಿ, ಅಂದ್ರೆ ನಮಗೆ ಶಾಪಿಂಗ್ ಮೇಲೆ ಕೋಪ ಇಲ್ಲೆ. ಬೇರೆಯವಕ್ಕೆ ತಂದ್ರೆ ಪ್ರೀತಿ, ತನಗೆ ತಂದ್ರೆ ಚಟ. ಹಾಂಗಾಗಿ ಇಲ್ಲೇ ಹೇಳ್ತೆ, ಆಮೇಲೆ ಮೋರೆ ದಪ್ಪ ಮಾಡ್ಕ್ಯಳಡಿ: ಈ ಸಲ ಚಾಕೊಲೇಟ್ ಇಲ್ಲೆ. ನವರಾತ್ರಿಗೆ ಮನೆಗೆ ಬಂದವಕ್ಕೆ ಒಂದೊಂದು ಉಣ್ಣೆ ಹೂವು ಹಾಕಿ ಕೊಡ್ತೆ.

ತಂಗಿ ಡೇರೆ ಗಡ್ಡೆ ಕೇಳಿದ್ದು, "ಕಾಲುಚೀಲದೊಳಗೆ ಇಟ್ಗಂಡು ಬಾ" ಹೇಳಿ. ತಂಗೀ, ಅದು ಮಾತ್ರ ಆಗ. ಹೊರದೇಶದ ಗಿಡ, ಗಡ್ಡೆ, ಬೀಜ ತಪ್ಪಲೆ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಗಿ, ರೋಗ ಇಲ್ಲೆ ಹೇಳಿ ಆ ದೇಶದ ಪ್ರಮಾಣಪತ್ರ ಎರಡೂ ಬೇಕು. ಹೊಸ ರೋಗ ತೋಟಕ್ಕೆ ನುಗ್ಗಿದ್ರೆ ಎಂತಾಗ್ತು ಹೇಳದು ಅಡಕೆಗೆ ಎಲೆಚುಕ್ಕಿ ಬಂದಿದ್ದು ನೋಡಿದ ನಮಗೆ ಬೇರೆ ಹೇಳವಾ? ಹೂವಿನ ಆಸೆಗೆ ನೂಲಲ್ಲೇ ಡೇರೆ ಹಾಕಿ ಕೊಡ್ತೆ.

ದಾರಿ ಹೀಂಗಿದ್ದು. ಮೊದ್ಲು ಲೀಡ್ಸಲ್ಲಿ ಮಗಳ ಮನೆ. ಆಮೇಲೆ ಸೆಟಲ್‌ನಿಂದ ಕಾರ್ಲೈಲಿಗೆ ಹೋಪ 1876ರ ರೈಲುದಾರಿ. ಬ್ರಿಟಿಷ್ ರೈಲಿನವು ಅದನ್ನ ಮುಚ್ತ್ಯ ಹೇಳಿ ಹೊಂಟಾಗ ಜನ ಹಟ ಹಿಡಿದು 1989ರಲ್ಲಿ ಉಳಿಸ್ಕಂಡ. ಅಲ್ಲಿಂದ ಕೆಸಿಕ್ ಊರು, ಹತ್ರದ ಕಾಕರ್‌ಮತ್‌ನಲ್ಲಿ ಜೂನ್ ಕೊನೆಗೆ ವುಲ್‌ಫೆಸ್ಟ್ ಹೇಳ ಉಣ್ಣೆ ಜಾತ್ರೆ, 2005ರಲ್ಲಿ ಶುರುವಾದ್ದು. ಕುರಿಯಿಂದ ಹಿಡಿದು ಉಂಡೆವರೆಗೆ ಎಲ್ಲ ಒಂದೇ ಕಡೆ. ಆನು ಅವತ್ತು ಮೂಸಿ ಇಟ್ಟ ಬೂದು ಉಣ್ಣೆ ಅಲ್ಲಿಯದೇ ಹರ್ಡ್‌ವಿಕ್ ಕುರಿದು. ನಮ್ಮ ಕಂಬಳಿ ಹಾಂಗೇ ಒರಟು, ಮಳೆಗೆ ಜಗ್ಗ. ಮುಂದೆ 555 ನಂಬರ್ ಬಸ್ಸಲ್ಲಿ ಗ್ರಾಸ್‌ಮಿಯರ್, ವಿಂಡರ್‌ಮಿಯರ್. ಕೆರೆ ದಾಟಿದ್ರೆ ಹಿಲ್ ಟಾಪ್ ಹೇಳ ಮನೆ. ಮೊಮ್ಮಗಳಿಗೆ ತೋರಿಸ್ತಿದ್ದ ಮೊಲದ ಪುಸ್ತಕ ಬರೆದ ಬಿಯಾಟ್ರಿಕ್ಸ್ ಪಾಟರ್ ಪುಸ್ತಕದ ದುಡ್ಡಿಂದ 1905ರಲ್ಲಿ ತಗಂಡ ಮನೆ ಅದು. ಆಗ ಅದಕ್ಕೆ 39 ವರ್ಷ, ಮದುವೆ ಆಗಿತ್ತಿಲ್ಲೆ. ಆಮೇಲೆ ಹರ್ಡ್‌ವಿಕ್ ಕುರಿ ಸಾಕ್ಚು. 1943ರಲ್ಲಿ ತೀರಿಹೋಪಕಾದ್ರೆ 4,000 ಎಕರೆಗೂ ಹೆಚ್ಚು ಜಾಗ ನ್ಯಾಷನಲ್ ಟ್ರಸ್ಟಿಗೆ ಬಿಟ್ಟು ಹೋತು. ಕಡೆಗೆ ಮ್ಯಾಂಚೆಸ್ಟರಿನ ಗಿರಣಿ, ಅಲ್ಲಿಂದ ವಿಮಾನ.

ಮೂರು ದಿನ ಮಗಳು ಸಂತಿಗೆ ಬತ್ತು. ಎರಡು ದಿನ ಅದಕ್ಕೆ ರಜೆ ಇಲ್ಲೆ, ಆನೊಂದೇ. ಹೆದರಿಕೆ ಇದ್ದು, ಸುಳ್ಳು ಹೇಳ್ತ್ನಿಲ್ಲೆ. ಪಿಯುಸಿ ಇಂಗ್ಲಿಷು ಎಲ್ಲಿವರೆಗೆ ಬತ್ತು ನೋಡವು. ಆದ್ರೆ ಐವತ್ತಾರಲ್ಲಿ ಹೆದರಿದ್ರೆ ಎಪ್ಪತ್ತಾರಲ್ಲಿ ಧೈರ್ಯ ಬತ್ತಾ?

ನಿಂಗಳ ಹತ್ರ ಕೇಳದು ಇಷ್ಟೇ. ಎಲ್ಲರೂ ಇಂಗ್ಲೆಂಡಿಗೆ ಹೋಗಿ ಹೇಳ್ತಾ ಇಲ್ಲೆ. ಹೋಪವಕ್ಕೆ ನೆಗ್ಯಾಡಡಿ. ಮುಂದಿನ ಸಲ ಯಾರಾದ್ರೂ ಹೆಂಗಸು ಹೊರದೇಶಕ್ಕೆ ಹೊಂಟೆ ಹೇಳಿದ್ರೆ "ಯಾರ ಬಾಣಂತನ?" ಹೇಳಿ ಕೇಳಡಿ, "ಎಂತೆಂತ ನೋಡ್ತೆ?" ಹೇಳಿ ಕೇಳಿ. ತಿಂಗಳಿಗೆ 200 ಆದ್ರೂ ಸರಿ, ನಿಂಗಳ ಹೆಸರಲ್ಲಿ ಒಂದು ಆರ್‌ಡಿ ಮಾಡಿ. ಅದಕ್ಕೆ ಎಂತಕ್ಕೆ ಹೇಳಿ ಕಾರಣ ಕೊಡಡಿ.

ಮತ್ತೊಂದು. ವಾಪಸ್ ಬಂದ ಮೇಲಿನ ಮೊದಲ ಆದಿತ್ಯವಾರ ಆನು ಅಪ್ಸರಕೊಂಡಕ್ಕೆ ಹೋಗ್ತೆ. ಹಣ್ಣು ಹೆಕ್ಕಲಲ್ಲ, ಸೊಪ್ಪಿಗಲ್ಲ, ಸುಮ್ಮನೆ. ಅವತ್ತು ನೆಗ್ಯಾಡಿದ ಅತ್ತಿಗೆಯೂ ಬರವು. ಮಳೆ ಇರ್ತು, ಕೊಡೆ ತಗಂಡು ಬನ್ನಿ. ಗಂಡಸ್ರು ಯಾರೂ ಬೇಕೂ ಹೇಳಿ ಇಲ್ಲೆ.